ಜಡೆ ಹಾಕಿಕೊಂಡ ವೈರುಗಳು: ಹಳೇ ಕಾರಿನ ಹಾರ್ನೆಸ್ ಉಳಿಸೋದು ಹೇಗೆ?

ಎಲ್ಲೇ ವಿಂಟೇಜ್ ಕಾರ್ ರ‍್ಯಾಲಿ ನಡೆಯಲಿ, ಮರುದಿನ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೋಗಳ ಮಳೆ ಸುರಿಯುತ್ತೆ. ಪೇಂಟ್ ನೋಡು, ಕ್ರೋಮ್ ನೋಡು, ಸೀಟಿನ ಲೆದರ್ ನೋಡು ಅಂತ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಅಲ್ಲಿರೋ ವೈರುಗಳ ಫೋಟೋ ತೆಗೆದವರನ್ನ ಮಾತ್ರ ನಾವು ಇನ್ನೂ ನೋಡಿಲ್ಲ. ಹಾಗೆ ನೋಡಿದರೆ ಕಾರಿನ ನಿಜವಾದ ವಯಸ್ಸು ಗೊತ್ತಾಗೋದು ಅಲ್ಲೇ. ಪೇಂಟನ್ನ ಒಂದು ವಾರದಲ್ಲಿ ಹೊಸದು ಮಾಡಬಹುದು. ಹತ್ತಿ ನೂಲಿನ ಜಡೆಯೊಳಗೆ ಸುತ್ತಿಕೊಂಡು 60-70 ವರ್ಷ ಕೂತಿರೋ ವೈರುಗಳನ್ನ ಹಾಗೆ ಮಾಡೋಕೆ ಆಗಲ್ಲ.

ಈ ಸಂಚಿಕೆಯ ಪಾಠ ಆ ವೈರುಗಳ ಬಗ್ಗೆ. ಫಸ್ಟ್ ಇಯರ್‌ನ ಬೇಸಿಕ್ ಎಲೆಕ್ಟ್ರಿಕಲ್ ನೆನಪಿದ್ದರೆ ಸಾಕು, ಮೆಕ್ಯಾನಿಕಲ್‌ನವರಿಗೂ ಅರ್ಥ ಆಗುತ್ತೆ, ಸಿಎಸ್‌ನವರಿಗೂ ಅರ್ಥ ಆಗುತ್ತೆ. ಉದಾಹರಣೆಗೆ ನಾವು ಆರಿಸಿಕೊಂಡಿರೋದು 1950-60ರ ದಶಕದ ಬ್ರಿಟಿಷ್ ಕಾರುಗಳನ್ನ. ಮಾರಿಸ್ ಮೈನರ್, ಮಾರಿಸ್ ಆಕ್ಸ್‌ಫರ್ಡ್, ಎಂಜಿ ಥರದವು. ಇವೇ ಯಾಕೆ ಅಂದ್ರೆ, ಇವುಗಳ ವೈರಿಂಗ್‌ಗೆ ಒಂದು ಸ್ಪಷ್ಟವಾದ ನಿಯಮ ಇದೆ, ಆ ನಿಯಮ ಇವತ್ತಿಗೂ ಓದೋಕೆ ಸಿಗುತ್ತೆ. ಜೊತೆಗೆ ಇವು ನಮಗೆ ತೀರಾ ಪರಕೀಯವೂ ಅಲ್ಲ. ನಮ್ಮ ಅಜ್ಜ-ಅಪ್ಪಂದಿರ ಕಾಲದ ಅಂಬಾಸಿಡರ್ ಹುಟ್ಟಿದ್ದೇ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ.

ಹಾರ್ನೆಸ್ ಅಂದ್ರೇನು?

ಹಾರ್ನೆಸ್ ಅಂದ್ರೆ ಮೂಲದಲ್ಲಿ ಕುದುರೆಗೆ ಕಟ್ಟೋ ಸರಂಜಾಮು. ಕಾರಿನಲ್ಲಿ ಬ್ಯಾಟರಿ, ಡೈನಮೋ, ಸ್ವಿಚ್, ದೀಪ, ಹಾರ್ನ್ ಇವೆಲ್ಲದರ ನಡುವೆ ಓಡಾಡುವ ವೈರುಗಳನ್ನ ಒಟ್ಟುಗೂಡಿಸಿ ಕಟ್ಟಿದ ಕಂತೆಗೂ ಅದೇ ಹೆಸರು. ಬ್ರಿಟಿಷರು ಇದನ್ನ ‘ಲೂಮ್’ ಅಂತಲೂ ಕರೀತಾರೆ. ಲೂಮ್ ಅಂದ್ರೆ ಮಗ್ಗ. ಎಲೆಕ್ಟ್ರಿಕಲ್ ವಸ್ತುವಿಗೆ ನೇಕಾರಿಕೆಯ ಹೆಸರು ಬಂದಿರೋದು ವಿಚಿತ್ರ ಅನ್ನಿಸಬಹುದು. ಆದರೆ ಈ ಕಂತೆಯ ಹೊರ ಹೊದಿಕೆ ನಿಜವಾಗಿಯೂ ನೂಲಿನಿಂದ ಹೆಣೆದದ್ದೇ.

ಇದನ್ನ ಒಂದು ಮರದ ಥರ ಊಹಿಸಿಕೊಳ್ಳಿ. ಡ್ಯಾಶ್‌ಬೋರ್ಡ್ ಹಿಂದೆ ದಪ್ಪ ಕಾಂಡ. ಅಲ್ಲಿಂದ ಒಂದು ಕವಲು ಎಂಜಿನ್ ಕಡೆಗೆ, ಅದರಿಂದ ಎರಡು ಸಣ್ಣ ಕವಲು ಹೆಡ್‌ಲ್ಯಾಂಪ್‌ಗಳಿಗೆ. ಇನ್ನೊಂದು ಉದ್ದನೆಯ ಕವಲು ಹಿಂದಿನ ದೀಪಗಳಿಗೆ. ಯಾವ ವೈರ್ ಎಲ್ಲಿ ಕವಲೊಡೀಬೇಕು, ಎಷ್ಟು ಉದ್ದ ಇರಬೇಕು ಅನ್ನೋದೆಲ್ಲ ಫ್ಯಾಕ್ಟರಿಯಲ್ಲೇ ನಿರ್ಧಾರ ಆಗಿರುತ್ತೆ. ನಮ್ಮ ಪುಸ್ತಕದ ಸರ್ಕ್ಯೂಟ್ ಡಯಾಗ್ರಾಮ್‌ನಲ್ಲಿ ವೈರ್ ಅಂದ್ರೆ ಬರೀ ಗೆರೆ. ಅದಕ್ಕೆ ಉದ್ದ ಇಲ್ಲ, ದಪ್ಪ ಇಲ್ಲ, ಬಿಸಿ ಆಗಲ್ಲ, ಇಲಿ ಕಡಿಯಲ್ಲ. ಹಾರ್ನೆಸ್‌ನಲ್ಲಿ ಇವೆಲ್ಲ ಇದೆ.

ಹತ್ತಿ ಯಾಕೆ ಬಂತು?

ಇವತ್ತಿನ ವೈರಿಗೆ ಪಿವಿಸಿ ಹೊದಿಕೆ ಇರುತ್ತೆ. ಕಾರುಗಳಲ್ಲಿ ಪಿವಿಸಿ ವ್ಯಾಪಕವಾಗಿದ್ದು 1950ರ ದಶಕದಿಂದ ಈಚೆಗೆ. ಅದಕ್ಕೂ ಮುಂಚೆ ತಾಮ್ರದ ಎಳೆಗಳ ಮೇಲೆ ರಬ್ಬರ್ ಇನ್ಸುಲೇಷನ್ ಇರುತ್ತಿತ್ತು. ರಬ್ಬರ್ ಕರೆಂಟನ್ನ ತಡೆಯುತ್ತೆ, ಸರಿ. ಆದರೆ ಮೆತ್ತಗಿನ ವಸ್ತು. ಕಾರು ಕುಲುಕಿದಾಗ ತಗಡಿಗೆ ಉಜ್ಜಿ ಸವೆಯುತ್ತೆ. ಅದಕ್ಕೇ ಪ್ರತಿ ವೈರಿನ ಮೇಲೂ ಹತ್ತಿ ನೂಲಿನ ಹೆಣಿಗೆ ಹಾಕುತ್ತಿದ್ದರು. ನೂಲು ನೀರು ಕುಡಿಯಬಾರದು ಅಂತ ಮೇಣ ಅಥವಾ ವಾರ್ನಿಶ್ ಬಳಿಯುತ್ತಿದ್ದರು. ಅಂಥ ಹತ್ತಾರು ವೈರುಗಳನ್ನ ಸೇರಿಸಿ, ಇಡೀ ಕಂತೆಯ ಮೇಲೆ ಮತ್ತೊಂದು ದೊಡ್ಡ ಹೆಣಿಗೆ. ಪಿವಿಸಿ ಬಂದ ಮೇಲೂ ಕೆಲವು ವರ್ಷ ಒಳಗೆ ಪಿವಿಸಿ ವೈರ್, ಹೊರಗೆ ಹತ್ತಿಯ ಜಡೆ ಅನ್ನೋ ಪದ್ಧತಿ ನಡೀತು.

ಈ ಹೆಣಿಗೆ ಹೇಗೆ ಹಾಕ್ತಾರೆ? ಇದನ್ನ ಅರ್ಥ ಮಾಡಿಕೊಳ್ಳೋಕೆ ಯೂಟ್ಯೂಬ್ ಬೇಡ, ನಮ್ಮ ಜಡೆ ಕೋಲಾಟ ಸಾಕು. ಮೇಲೆ ಒಂದೇ ಕಡೆ ಕಟ್ಟಿದ ಬಣ್ಣಬಣ್ಣದ ಹಗ್ಗಗಳು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುದಿ. ಅರ್ಧ ಜನ ಬಲಕ್ಕೆ ಸುತ್ತುತ್ತಾರೆ, ಉಳಿದವರು ಎಡಕ್ಕೆ. ಎದುರಿಗೆ ಸಿಕ್ಕವರನ್ನ ಒಮ್ಮೆ ಒಳಗಿಂದ, ಒಮ್ಮೆ ಹೊರಗಿಂದ ದಾಟುತ್ತಾರೆ. ನೋಡ್ತಾ ನೋಡ್ತಾ ಮೇಲಿನಿಂದ ಜಡೆ ಇಳಿದು ಬರುತ್ತೆ. ಬ್ರೇಡಿಂಗ್ ಮಷೀನ್ ಮಾಡೋದು ಇದನ್ನೇ. ಕುಣಿಯುವವರ ಜಾಗದಲ್ಲಿ ನೂಲಿನ ಬಾಬಿನ್‌ಗಳು. ಅವು ಗಿಯರ್‌ಗಳ ಮೇಲೆ ಹಾವಿನ ಹಾದಿಯಲ್ಲಿ ಓಡುತ್ತವೆ, ಅರ್ಧ ಒಂದು ದಿಕ್ಕಿಗೆ, ಅರ್ಧ ಇನ್ನೊಂದು ದಿಕ್ಕಿಗೆ. ಮಧ್ಯದಲ್ಲಿ ವೈರಿನ ಕಂತೆ ಮೇಲೆ ಮೇಲೆ ಹೋಗುತ್ತಿರುತ್ತೆ. ಕಂತೆಯನ್ನ ಬೇಗ ಎಳೆದರೆ ಹೆಣಿಗೆ ಸಡಿಲ, ನಿಧಾನಕ್ಕೆ ಎಳೆದರೆ ಗಟ್ಟಿ. ಇಂಗ್ಲಿಷಿನಲ್ಲಿ ಈ ಹೆಣಿಗೆಗೆ ಮೇಪೋಲ್ ಬ್ರೇಡಿಂಗ್ ಅಂತ ಹೆಸರು. ಅದೂ ಕಂಬದ ಸುತ್ತ ಕುಣಿಯುವ ಅವರ ಊರಿನ ಹಬ್ಬದ ಆಟವೇ.

ಇದರಿಂದ ಒಂದು ವಿಷಯ ತಾನಾಗೇ ಹೊರಡುತ್ತೆ. ಕಂತೆ ಮಷೀನಿನ ಮಧ್ಯದಿಂದ ಹಾದು ಹೋಗಲೇಬೇಕು. ಹಾಗಾಗಿ ಕಾರಿನಲ್ಲಿ ಕೂತಿರೋ ಹಾರ್ನೆಸ್‌ಗೆ ಅಲ್ಲೇ ಹೊಸ ಜಡೆ ಹಾಕೋಕೆ ಸಾಧ್ಯ ಇಲ್ಲ. ಪೂರ್ತಿ ಹೊರಗೆ ತೆಗೀಬೇಕು. ಕವಲು ಬರುವ ಜಾಗದಲ್ಲಿ ಆ ಕವಲಿನ ವೈರುಗಳನ್ನ ಹೊರಕ್ಕೆ ಎಳೆದು ಪಕ್ಕಕ್ಕೆ ಹಿಡಿದು ಕಾಂಡದ ಹೆಣಿಗೆ ಮುಂದುವರಿಸಬೇಕು, ಕವಲಿಗೆ ಆಮೇಲೆ ಬೇರೆ ಹೆಣಿಗೆ. ಅಂದ್ರೆ ಜಡೆ ಶುರು ಮಾಡೋ ಮುಂಚೆಯೇ ಪ್ರತಿ ಅಳತೆಯೂ ಕೈಯಲ್ಲಿರಬೇಕು.

ಬಣ್ಣವೇ ಭಾಷೆ

ಬರ್ಮಿಂಗ್‌ಹ್ಯಾಮ್‌ನ ಲ್ಯೂಕಸ್ ಕಂಪನಿ ಬ್ರಿಟನ್ನಿನ ಬಹುಪಾಲು ಕಾರುಗಳಿಗೆ ಎಲೆಕ್ಟ್ರಿಕಲ್ ಸಾಮಾನು ಕೊಡುತ್ತಿತ್ತು. ಇದೇ ಲ್ಯೂಕಸ್ ನಮ್ಮಲ್ಲಿ ಟಿವಿಎಸ್ ಜೊತೆ ಸೇರಿ ಲ್ಯೂಕಸ್-ಟಿವಿಎಸ್ ಆಯಿತು. ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಸಾಮಾನು ಕೊಂಡಿದ್ದರಿಂದ ಆದ ದೊಡ್ಡ ಲಾಭ ಅಂದ್ರೆ ಬಣ್ಣಗಳ ಒಂದು ಸಾಮಾನ್ಯ ನಿಯಮ. ಸ್ಥೂಲವಾಗಿ ಅದು ಹೀಗಿದೆ:

ಕಂದು: ಬ್ಯಾಟರಿಯಿಂದ ನೇರ ಬರೋ ಲೈನ್. ಫ್ಯೂಸ್ ಇಲ್ಲ, ಸದಾ ಲೈವ್.
ಬಿಳಿ: ಇಗ್ನಿಷನ್ ಸ್ವಿಚ್ ಆನ್ ಮಾಡಿದ ಮೇಲೆ ಲೈವ್, ಫ್ಯೂಸ್ ಇಲ್ಲ.
ಹಸಿರು: ಇಗ್ನಿಷನ್ ಆನ್ ಆದಾಗ ಲೈವ್, ಫ್ಯೂಸ್ ದಾಟಿ ಬಂದದ್ದು.
ನೇರಳೆ: ಸದಾ ಲೈವ್, ಫ್ಯೂಸ್ ದಾಟಿ ಬಂದದ್ದು.
ನೀಲಿ: ಹೆಡ್‌ಲ್ಯಾಂಪ್. ನೀಲಿ-ಬಿಳಿ ಹೈ ಬೀಮ್, ನೀಲಿ-ಕೆಂಪು ಡಿಪ್.
ಕೆಂಪು: ಪಾರ್ಕಿಂಗ್ ದೀಪ, ಹಿಂದಿನ ದೀಪ.
ಹಳದಿ: ಡೈನಮೋದಿಂದ ಕಂಟ್ರೋಲ್ ಬಾಕ್ಸ್‌ಗೆ.
ಕಪ್ಪು: ಅರ್ಥ್.

ಎರಡು ಬಣ್ಣದ ವೈರಿನಲ್ಲಿ ಮೊದಲನೆಯದು ಮನೆತನ, ಎರಡನೆಯದು ವ್ಯಕ್ತಿಯ ಹೆಸರು ಅಂದುಕೊಳ್ಳಿ. ಹಸಿರು-ಕೆಂಪು ಎಡ ಇಂಡಿಕೇಟರ್, ಹಸಿರು-ಬಿಳಿ ಬಲ ಇಂಡಿಕೇಟರ್, ಹಸಿರು-ನೇರಳೆ ಬ್ರೇಕ್ ಲೈಟ್. ಮೂರೂ ‘ಹಸಿರು’ ಮನೆಯವರು, ಅಂದ್ರೆ ಮೂರಕ್ಕೂ ಕರೆಂಟ್ ಬರೋದು ಇಗ್ನಿಷನ್ ಮತ್ತು ಫ್ಯೂಸ್ ದಾಟಿ. ಈ ಎರಡನೇ ಬಣ್ಣಕ್ಕೆ ಟ್ರೇಸರ್ ಅಂತಾರೆ. ಹತ್ತಿ ವೈರಿನಲ್ಲಿ ಟ್ರೇಸರ್ ಅಂದ್ರೆ ಹೆಣಿಗೆಯೊಳಗೆ ಸೇರಿಸಿದ ಬೇರೆ ಬಣ್ಣದ ನಿಜವಾದ ನೂಲು. ಅದು ವೈರಿನ ಸುತ್ತ ಬಳ್ಳಿಯ ಹಾಗೆ ಹತ್ತಿಕೊಂಡು ಹೋಗುತ್ತೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಮನೆ ವೈರಿಂಗ್‌ನಲ್ಲಿ ಹಸಿರು ಅಂದ್ರೆ ಅರ್ಥಿಂಗ್. ಈ ಕಾರುಗಳಲ್ಲಿ ಹಸಿರು ಅಂದ್ರೆ ಲೈವ್! ಮನೆಯ ಅಭ್ಯಾಸದಲ್ಲಿ ಹಸಿರನ್ನ ಬಾಡಿಗೆ ಬಿಗಿದರೆ ಫ್ಯೂಸ್ ಹಾರುತ್ತೆ. ಅದೇ ಕೆಲಸ ಕಂದು ವೈರಿಗೆ ಮಾಡಿದರೆ ಹಾರೋಕೆ ಫ್ಯೂಸೇ ಇಲ್ಲ. ಇನ್ನೊಂದು ಮಾತು: ವರ್ಷ ಮತ್ತು ಮಾಡೆಲ್ ಪ್ರಕಾರ ಈ ಬಣ್ಣಗಳಲ್ಲಿ ವ್ಯತ್ಯಾಸ ಇರುತ್ತೆ. ಆಯಾ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಮುಂದಿಟ್ಟುಕೊಂಡೇ ಕೆಲಸಕ್ಕೆ ಕೂರಬೇಕು.

14/.012 ಅಂದ್ರೇನು?

ಹಳೇ ಡಯಾಗ್ರಾಮ್‌ಗಳಲ್ಲಿ ವೈರಿನ ಸೈಜನ್ನ 14/.012, 28/.012, 44/.012 ಅಂತ ಬರೆದಿರುತ್ತಾರೆ. ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ವ್ಯಾಸ, ಇಂಚಿನಲ್ಲಿ. 0.012 ಇಂಚು ಅಂದ್ರೆ ಸುಮಾರು 0.30 ಮಿಲಿಮೀಟರ್. ಹಾಗಾಗಿ ಈಗಿನ ಅಂಗಡಿಯಲ್ಲಿ ಇದು 14/0.30 ಅಂತ ಸಿಗುತ್ತೆ.

ಲೆಕ್ಕ ಮಾಡಿ ನೋಡೋಣ. ಒಂದು ಎಳೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.073 ಚದರ ಮಿಮೀ. 14 ಎಳೆಗೆ ಸುಮಾರು 1 ಚದರ ಮಿಮೀ, 28 ಎಳೆಗೆ 2, 44 ಎಳೆಗೆ 3ಕ್ಕಿಂತ ಸ್ವಲ್ಪ ಜಾಸ್ತಿ. ಮೊದಲನೆಯದು ಸಣ್ಣ ದೀಪ, ಇಂಡಿಕೇಟರ್‌ಗಳಿಗೆ. ಎರಡನೆಯದು ಹೆಡ್‌ಲ್ಯಾಂಪ್ ಥರದ ದೊಡ್ಡ ಲೋಡ್‌ಗೆ. ಮೂರನೆಯದು ಡೈನಮೋ ಮತ್ತು ಬ್ಯಾಟರಿಯ ಮುಖ್ಯ ಲೈನ್‌ಗೆ. ಹೊಸ ವೈರ್ ಕೊಳ್ಳುವಾಗ ಹೊರಗಿನ ದಪ್ಪ ನೋಡಿ ಕೊಂಡರೆ ಮೋಸ ಹೋಗ್ತೀವಿ, ಯಾಕಂದ್ರೆ ದಪ್ಪ ಇರೋದು ಪ್ಲಾಸ್ಟಿಕ್ಕೋ ತಾಮ್ರವೋ ಅಂತ ಹೊರಗಿಂದ ಗೊತ್ತಾಗಲ್ಲ. ತುದಿ ಸುಲಿದು ಎಳೆ ಎಣಿಸಬೇಕು.

ಕೆಡೋದು ಒಳಗೆ

ಹತ್ತಿ ಜಡೆ ನೋಡೋಕೆ ಚೆನ್ನಾಗಿದೆ ಅಂದಮಾತ್ರಕ್ಕೆ ಹಾರ್ನೆಸ್ ಚೆನ್ನಾಗಿದೆ ಅಂತಲ್ಲ. ಈ ಕೆಲಸದ ಅತಿ ದೊಡ್ಡ ಅಪಾಯ ಇರೋದು ಇಲ್ಲೇ.

ರಬ್ಬರಿಗೆ ವಯಸ್ಸಾಗುತ್ತೆ. ಬಿಸಿ, ಗಾಳಿಯ ಆಮ್ಲಜನಕ, ಓಝೋನ್ ಇವೆಲ್ಲ ಸೇರಿ ಅದನ್ನ ಗಟ್ಟಿ ಮಾಡುತ್ತವೆ, ಆಮೇಲೆ ಬಿರುಕು ಬಿಡಿಸುತ್ತವೆ. ಎಂಜಿನ್ ಆಯಿಲ್ ತಾಗಿದ ಕಡೆ ಉಬ್ಬಿ ಮೆತ್ತಗಾಗುತ್ತೆ. ವಲ್ಕನೈಸ್ ಮಾಡಿದ ರಬ್ಬರಿನಲ್ಲಿರೋ ಗಂಧಕ ತಾಮ್ರದ ಜೊತೆ ಸೇರಿ ಅದನ್ನ ಕಪ್ಪಾಗಿಸುತ್ತೆ. ರಬ್ಬರ್ ವೈರುಗಳಲ್ಲಿ ತಾಮ್ರಕ್ಕೆ ತವರದ ಲೇಪ ಕೊಡೋ ಪದ್ಧತಿ ಇದ್ದದ್ದು ಅದಕ್ಕೇ. ಹೊರಗಿನ ಹತ್ತಿ ಮಾತ್ರ ಸುಮ್ಮನೆ ಆಕಾರ ಹಿಡಿದುಕೊಂಡು ಕೂತಿರುತ್ತೆ. ಒಳಗೆ ಬರೀ ಪುಡಿ. ಎಲ್ಲಿಯವರೆಗೆ ಯಾರೂ ಮುಟ್ಟಲ್ಲವೋ ಅಲ್ಲಿಯವರೆಗೆ ಕಾರು ಓಡುತ್ತೆ. ರಿಪೇರಿಗೆ ಅಂತ ಯಾರೋ ವೈರನ್ನ ಒಮ್ಮೆ ಬಗ್ಗಿಸಿದರೆ ಅದೇ ದಿನ ಶಾರ್ಟ್ ಆಗಬಹುದು.

ಪರೀಕ್ಷೆ ಸುಲಭ. ತುದಿಯ ಹತ್ತಿರ ಒಂದು ವೈರನ್ನ ಮೆಲ್ಲಗೆ ಬಗ್ಗಿಸಿ. ಚಟಚಟ ಸದ್ದು ಬಂದರೆ, ಅಥವಾ ಹೆಣಿಗೆಯ ಸಂದಿಯಿಂದ ಕಪ್ಪು ಪುಡಿ ಉದುರಿದರೆ, ಆ ವೈರಿನ ಆಯಸ್ಸು ಮುಗಿದಿದೆ. ಅದಕ್ಕೆ ಮತ್ತೆ ಬ್ಯಾಟರಿ ಕೊಡೋ ಮಾತೇ ಬೇಡ.

ಮಲ್ಟಿಮೀಟರಿನ ಬೀಪ್ ನಂಬಬೇಡಿ

ಲ್ಯಾಬ್‌ನಲ್ಲಿ ನಮ್ಮೆಲ್ಲರ ಅಭ್ಯಾಸ ಏನು? ಕಂಟಿನ್ಯುಯಿಟಿ ಮೋಡ್, ಎರಡು ತುದಿಗೆ ಪ್ರೋಬ್, ಬೀಪ್ ಅಂದ್ರೆ ಓಕೆ. ಬ್ರೆಡ್‌ಬೋರ್ಡ್‌ಗೆ ಇದು ಸಾಕು. ಹಾರ್ನೆಸ್‌ಗೆ ಸಾಲದು.

ಆ ಕಾಲದ ಲ್ಯೂಕಸ್ ಹೆಡ್‌ಲ್ಯಾಂಪ್ ಬಲ್ಬುಗಳಲ್ಲಿ ಸಾಮಾನ್ಯವಾದದ್ದು 42/36 ವ್ಯಾಟ್. ಹೈ ಬೀಮ್‌ನಲ್ಲಿ ಎರಡು ಸೇರಿ 84 ವ್ಯಾಟ್. 12 ವೋಲ್ಟ್‌ಗೆ 7 ಆಂಪಿಯರ್. ಸ್ವಿಚ್‌ನಿಂದ ಎರಡೂ ಬಲ್ಬಿಗೆ ಹೋಗೋ ಒಂದೇ ದಾರಿ 28/0.30 ವೈರಿನಲ್ಲಿ 3 ಮೀಟರ್ ಇದೆ ಅಂದುಕೊಳ್ಳಿ. ಒಳ್ಳೇ ತಾಮ್ರಕ್ಕೆ ಅದರ ರೆಸಿಸ್ಟೆನ್ಸ್ ಸುಮಾರು 0.026 ಓಮ್. ವೋಲ್ಟೇಜ್ ಡ್ರಾಪ್ 0.18 ವೋಲ್ಟ್. ಏನೂ ತೊಂದರೆ ಇಲ್ಲ.

ಈಗ ಅದೇ ದಾರಿಯಲ್ಲಿ ತುಕ್ಕು ಹಿಡಿದ ಒಂದು ಕನೆಕ್ಟರ್ ಇದೆ, ಅದರ ರೆಸಿಸ್ಟೆನ್ಸ್ ಬರೀ 0.1 ಓಮ್. ಮಲ್ಟಿಮೀಟರ್ ಆರಾಮಾಗಿ ಬೀಪ್ ಅನ್ನುತ್ತೆ, ಯಾಕಂದ್ರೆ ಎಷ್ಟೋ ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಅನ್ನುತ್ತವೆ. ಆದರೆ 7 ಆಂಪಿಯರ್ ಹರಿದಾಗ ಆ ಒಂದು ಜಾಯಿಂಟಿನಲ್ಲಿ 0.7 ವೋಲ್ಟ್ ಹೋಗುತ್ತೆ, ಸುಮಾರು 5 ವ್ಯಾಟ್ ಶಾಖ ಹುಟ್ಟುತ್ತೆ. ನಮ್ಮ ಲ್ಯಾಬಿನ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಐದನೇ ಒಂದು ಭಾಗ, ಬೆರಳ ತುದಿಯಷ್ಟು ಜಾಗದಲ್ಲಿ, ಒಣಗಿದ ಹತ್ತಿಯ ಪಕ್ಕದಲ್ಲಿ! ಬೆಳಕಿನ ಕಥೆ ಇನ್ನೂ ಕೆಟ್ಟದು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತೆ. ವೋಲ್ಟೇಜ್ ಶೇಕಡಾ 6ರಷ್ಟು ಇಳಿದರೆ ಬೆಳಕು ಶೇಕಡಾ 19ರಷ್ಟು ಇಳಿಯುತ್ತೆ. ‘ಹಳೇ ಕಾರಿನ ಲೈಟ್ ಯಾವಾಗಲೂ ಮಂಕು’ ಅಂತಾರಲ್ಲ, ಅದರಲ್ಲಿ ಅರ್ಧ ತಪ್ಪು ಬಲ್ಬಿನದಲ್ಲ, ಜಾಯಿಂಟಿನದು.

ಹಾಗಾಗಿ ಸರಿಯಾದ ಪರೀಕ್ಷೆ ವೋಲ್ಟೇಜ್ ಡ್ರಾಪ್ ಟೆಸ್ಟ್. ದೀಪ ಉರಿಯುತ್ತಿರುವಾಗಲೇ ಮೀಟರನ್ನ ವೋಲ್ಟ್‌ನಲ್ಲಿಟ್ಟು, ಒಂದು ಪ್ರೋಬ್ ಬ್ಯಾಟರಿಯ ಲೈವ್ ಟರ್ಮಿನಲ್‌ಗೆ, ಇನ್ನೊಂದು ಬಲ್ಬಿನ ಟರ್ಮಿನಲ್‌ಗೆ. ಬರುವ ರೀಡಿಂಗ್ ಪೂರ್ತಿ ದಾರಿಯ ನಷ್ಟ. ಒಂದೊಂದೇ ಕನೆಕ್ಟರ್ ದಾಟುತ್ತಾ ಬಂದರೆ ಕಳ್ಳ ಎಲ್ಲಿದ್ದಾನೆ ಅಂತ ಸಿಗುತ್ತೆ.

ಮೂರು ದಾರಿ

ಹಾರ್ನೆಸ್‌ನ ಸ್ಥಿತಿ ಗೊತ್ತಾದ ಮೇಲೆ ಮೂರು ಆಯ್ಕೆ ಉಳಿಯುತ್ತವೆ.

ಒಂದು, ಇದ್ದದ್ದನ್ನ ಹಾಗೇ ಉಳಿಸೋದು. ಧೂಳು ತೆಗೆದು, ಬಿಚ್ಚಿಕೊಂಡ ತುದಿಗಳನ್ನ ನೂಲಿನಿಂದ ಕಟ್ಟಿ, ಬ್ಯಾಟರಿ ಕೊಡದೆ ಇಡೋದು. ಓಡಿಸದೆ ಮ್ಯೂಸಿಯಂನಲ್ಲಿ ನಿಲ್ಲಿಸುವ ಕಾರಿಗೆ ಇದು ಸರಿ. ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋದವರು ಮುಂದಿನ ಸಲ ಕಾರುಗಳನ್ನ ನೋಡುವಾಗ ಈ ಪ್ರಶ್ನೆಯನ್ನೂ ಜೊತೆಗೆ ಒಯ್ಯಿರಿ: ಇದು ನೋಡೋಕೆ ಉಳಿಸಿದ್ದೋ, ಓಡೋಕೆ ಉಳಿಸಿದ್ದೋ?

ಎರಡು, ಜಡೆ ಬಿಚ್ಚಿ, ಕೆಟ್ಟ ವೈರುಗಳನ್ನಷ್ಟೇ ಬದಲಿಸಿ, ಮತ್ತೆ ಹೆಣೆಯೋದು. ಒಳಗಿನ ವೈರುಗಳು ಪಿವಿಸಿ ಆಗಿದ್ದರೆ ಇದು ಚೆನ್ನಾಗಿ ಒಪ್ಪುತ್ತೆ.

ಮೂರು, ಹಳೆಯದನ್ನ ಮಾದರಿಯಾಗಿಟ್ಟುಕೊಂಡು ಪೂರ್ತಿ ಹೊಸದು ಕಟ್ಟೋದು. ಒಳಗೆ ಪಿವಿಸಿ ವೈರ್, ಹೊರಗೆ ಅದೇ ಬಣ್ಣದ ಹತ್ತಿ ಹೆಣಿಗೆ. ಬ್ರಿಟನ್, ಅಮೆರಿಕದಲ್ಲಿ ಹೀಗೆ ಹತ್ತಿ ಹೆಣಿಗೆಯ ವೈರನ್ನೂ ಇಡೀ ಹಾರ್ನೆಸ್ಸನ್ನೂ ಮಾಡಿಕೊಡುವವರು ಇದ್ದಾರೆ.

ರಬ್ಬರ್ ಪುಡಿಯಾಗಿದ್ದು, ಕಾರು ರಸ್ತೆಗೆ ಇಳಿಯಬೇಕು ಅಂತಿದ್ದರೆ ನಮ್ಮ ಪ್ರಕಾರ ಮೂರನೆಯದು ಬಿಟ್ಟು ಬೇರೆ ದಾರಿ ಇಲ್ಲ. ಕಾರಿನೊಳಗೆ ಮನುಷ್ಯರು ಕೂರ್ತಾರೆ.

ಕೆಲಸದ ಕ್ರಮ

1. ಬ್ಯಾಟರಿ ಕಳಚಿ. ಆಮೇಲೆ ಫೋಟೋ. ಕನೆಕ್ಷನ್ ಬಿಚ್ಚುವ ಮುಂಚೆ ಪ್ರತಿಯೊಂದು ತುದಿಗೂ ಚೀಟಿ ಕಟ್ಟಿ. ಚೀಟಿಯಲ್ಲಿ ‘ನೀಲಿ ವೈರ್’ ಅಂತ ಬರೆದರೆ ಪ್ರಯೋಜನ ಇಲ್ಲ, ನೀಲಿ ಹತ್ತು ಇರುತ್ತವೆ. ‘ಕಂಟ್ರೋಲ್ ಬಾಕ್ಸ್, ಎ1 ಟರ್ಮಿನಲ್’ ಅಂತ ಜಾಗದ ಹೆಸರು ಬರೀಬೇಕು.

2. ಇರೋದನ್ನ ಡಯಾಗ್ರಾಮ್‌ಗೆ ಹೋಲಿಸಿ. 60 ವರ್ಷದಲ್ಲಿ ಯಾರ್ಯಾರೋ ಏನೇನೋ ಸೇರಿಸಿರುತ್ತಾರೆ: ಟೇಪ್‌ರೆಕಾರ್ಡರ್, ಫ್ಯಾನ್, ಎರಡನೇ ಹಾರ್ನ್. ಹೀಗೆ ಸೇರಿದವನ್ನ ಬೇರೆ ಪಟ್ಟಿ ಮಾಡಿ.

3. ಎಳೀಬೇಡಿ. ತಗಡಿನ ತೂತುಗಳಲ್ಲಿ ರಬ್ಬರ್ ಗ್ರಾಮೆಟ್‌ಗಳು ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ. ಅವನ್ನ ಕತ್ತರಿಸಿ ತೆಗೀರಿ, ಗ್ರಾಮೆಟ್ ಹೊಸದು ಸಿಗುತ್ತೆ. ಹಾರ್ನೆಸ್ ಹೊರಬರುವಾಗ ಒಂದು ಗಟ್ಟಿ ದಾರವನ್ನ ಅದರ ಬಾಲಕ್ಕೆ ಕಟ್ಟಿ ಬಿಡಿ. ಪೈಜಾಮಕ್ಕೆ ಲಾಡಿ ತೂರಿಸಿದ ಹಾಗೆ, ಹೊಸದನ್ನ ಅದೇ ದಾರಿಯಲ್ಲಿ ವಾಪಸ್ ಎಳೆಯೋಕೆ ಆ ದಾರ ಬೇಕು.

4. ಪ್ಲೈವುಡ್ ಹಲಗೆ ಮೇಲೆ ಮಲಗಿಸಿ, ಕಾಂಡ, ಕವಲು ಎಲ್ಲದರ ಗೆರೆ ಎಳೆದು, ಕವಲಿನ ಜಾಗದಲ್ಲಿ ಮೊಳೆ ಹೊಡೀರಿ. ಇದಕ್ಕೆ ಫಾರ್ಮ್‌ಬೋರ್ಡ್ ಅಂತಾರೆ. ಇವತ್ತಿನ ಕಾರ್ ಹಾರ್ನೆಸ್ ಫ್ಯಾಕ್ಟರಿಗಳಲ್ಲೂ ಇದೇ ಪದ್ಧತಿ.

5. ನಿಜವಾದ ಬಣ್ಣ ಹುಡುಕಿ. ಹೊರಗೆ ಎಲ್ಲ ವೈರೂ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತೆ. ಕ್ಲಿಪ್ಪಿನ ಕೆಳಗೆ, ಹೊರಜಡೆಯ ಒಳಗೆ, ಬೆಳಕು ಮತ್ತು ಎಣ್ಣೆ ತಾಗದ ಜಾಗದಲ್ಲಿ ಮೂಲ ಬಣ್ಣ, ಟ್ರೇಸರ್ ಎರಡೂ ಸಿಗುತ್ತೆ. ಅಲ್ಲಿಂದ ಒಂದು ತುಂಡು ತೆಗೆದು ಮಾದರಿ ಹಾಳೆಗೆ ಅಂಟಿಸಿ.

6. ಹೊಸ ವೈರುಗಳನ್ನ ಹಲಗೆ ಮೇಲೆ ಹಾಸಿ. ಬಾಗುವ ಜಾಗದಲ್ಲಿ ಹೊರಗಿನ ವೈರಿಗೆ ಒಳಗಿನದಕ್ಕಿಂತ ಉದ್ದ ಜಾಸ್ತಿ ಬೇಕು. ತುದಿಗಳಲ್ಲಿ ಸ್ವಲ್ಪ ಹೆಚ್ಚು ಬಿಡಿ. ಕತ್ತರಿಸೋದು ಸುಲಭ, ಉದ್ದ ಮಾಡೋದು ಕಷ್ಟ.

7. ಹೆಣಿಗೆ. ಮಷೀನ್ ಇರುವವರಿಗೆ ಕೊಡೋದು ಉತ್ತಮ. ಮಷೀನ್ ಸಿಗದಿದ್ದರೆ ಮೊದಲೇ ಹೆಣೆದ ಹತ್ತಿ ಕೊಳವೆಯನ್ನ ಕಂತೆಯ ಮೇಲೆ ತೊಡಿಸಬಹುದು. ತುದಿಯನ್ನ ಮೇಣ ಹಚ್ಚಿದ ದಾರದಿಂದ ಬಿಗಿಯಾಗಿ ಸುತ್ತಿ, ಶೆಲ್ಲಾಕ್ ಬಳಿದರೆ ನೂಲು ಬಿಚ್ಚಿಕೊಳ್ಳಲ್ಲ. ಶೆಲ್ಲಾಕ್ ಅಂದ್ರೆ ಬೇರೇನೂ ಅಲ್ಲ, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡೋ ಅರಗೇ.

8. ಕನೆಕ್ಟರ್ ಕೊನೆಗೆ. ಈ ಕಾರುಗಳಲ್ಲಿ ಬುಲೆಟ್ ಆಕಾರದ ಹಿತ್ತಾಳೆ ತುದಿಗಳು ಇರುತ್ತವೆ, ಮೂಲದಲ್ಲಿ ಅವನ್ನ ಸೋಲ್ಡರ್ ಮಾಡುತ್ತಿದ್ದರು. ಸೋಲ್ಡರ್ ಅತಿಯಾದರೆ ಎಳೆಗಳ ನಡುವೆ ಮೇಲೇರಿ ವೈರನ್ನ ಕಡ್ಡಿಯ ಹಾಗೆ ಸೆಟೆಸುತ್ತೆ, ಕುಲುಕಾಟದಲ್ಲಿ ಅಲ್ಲೇ ಮುರಿಯುತ್ತೆ. ತುದಿಯಲ್ಲಿ ಬೇಕಾದಷ್ಟೇ ಇರಲಿ.

9. ಹೊರಗೇ ಪರೀಕ್ಷೆ. ಕಾರಿಗೆ ಹಾಕುವ ಮುಂಚೆ ಪ್ರತಿ ವೈರ್ ತಲುಪಬೇಕಾದ ಕಡೆ ತಲುಪುತ್ತಿದೆಯಾ, ಯಾವುದಾದರೂ ಎರಡು ಒಂದಕ್ಕೊಂದು ತಾಗುತ್ತಿವೆಯಾ ನೋಡಿ. ಮೆಗ್ಗರ್ ಸಿಕ್ಕರೆ ಇನ್ಸುಲೇಷನ್ ಟೆಸ್ಟ್ ಕೂಡ ಮಾಡಿ. ಹಾರ್ನೆಸ್‌ಗೆ ಯಾವ ಸಾಮಾನೂ ಜೋಡಿಸಿರಬಾರದು.

ನಾಲ್ಕು ಬಲೆಗಳು

ಮೊದಲ ಬಲೆ, ಅರ್ಥ್. ಕರೆಂಟ್ ವಾಪಸ್ ಬರೋದು ಕಾರಿನ ಬಾಡಿಯ ಮೂಲಕ. ಹೊಸ ಪೇಂಟ್ ಹೊಡೆಸಿದ ಕಾರಿನಲ್ಲಿ ಅರ್ಥ್ ಬೋಲ್ಟ್ ಕೂರುವ ಜಾಗಕ್ಕೂ ಪೇಂಟ್ ಬಿದ್ದಿರುತ್ತೆ. ಪೇಂಟ್ ಒಳ್ಳೇ ಇನ್ಸುಲೇಟರ್! ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಿಣುಕುವಂಥ ವಿಚಿತ್ರಗಳು ಹುಟ್ಟೋದು ಇಲ್ಲಿಂದ. ಅಲ್ಲಿ ಲೋಹ ಕಾಣುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗೀಬೇಕು. ಅರ್ಥ್ ಸರಿ ಇಲ್ಲದಿದ್ದರೆ ಯಾವುದೂ ಅರ್ಥ ಆಗಲ್ಲ.

ಎರಡನೇ ಬಲೆ, ಪಾಸಿಟಿವ್ ಅರ್ಥ್. ಈ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರೋದು ಬ್ಯಾಟರಿಯ ಪಾಸಿಟಿವ್. 1962ರಲ್ಲಿ ಬಂದ ಎಂಜಿಬಿ ಕೂಡ 1967ರವರೆಗೆ ಹೀಗೇ ಇತ್ತು. ಬಲ್ಬಿಗೆ ದಿಕ್ಕು ಮುಖ್ಯ ಅಲ್ಲ. ಆದರೆ ಈಗಿನ ಮೊಬೈಲ್ ಚಾರ್ಜರ್, ಎಲ್‌ಇಡಿ, ರೇಡಿಯೋಗಳನ್ನ ತಿರುವುಮುರುವು ಜೋಡಿಸಿದರೆ ಮುಗೀತು.

ಮೂರನೇ ಬಲೆ, ಫ್ಯೂಸ್ ಮೇಲಿನ ನಂಬರ್. ಹಳೇ ಲ್ಯೂಕಸ್ ಗಾಜಿನ ಫ್ಯೂಸ್ ಮೇಲೆ 35 ಅಂತ ಇದ್ದರೆ ಅದು ಹಾರುವ ಕರೆಂಟ್. ನಿರಂತರವಾಗಿ ಅದು ತಡೆಯೋದು ಸುಮಾರು 17 ಆಂಪಿಯರ್ ಮಾತ್ರ. ಈಗಿನ ಬ್ಲೇಡ್ ಫ್ಯೂಸ್ ಮೇಲಿನ 35 ಅಂದ್ರೆ ಅದು ಹೊರುವ ಕರೆಂಟ್. ನಂಬರ್ ಒಂದೇ ಅಂತ ಇದರ ಜಾಗಕ್ಕೆ ಅದನ್ನ ಹಾಕಿದರೆ, ಫ್ಯೂಸ್ ಹಾರೋಕೆ ಮುಂಚೆ ವೈರ್ ಉರಿಯುತ್ತೆ. ಅಂದ್ರೆ ವೈರೇ ಫ್ಯೂಸ್ ಆಯ್ತು.

ನಾಲ್ಕನೆಯದು, ಮೊದಲ ಸಲ ಬ್ಯಾಟರಿ ಕೊಡೋ ಗಳಿಗೆ. ನೇರ ಕೊಡಬೇಡಿ. ಬ್ಯಾಟರಿಗೂ ಹಾರ್ನೆಸ್‌ಗೂ ನಡುವೆ ಸೀರೀಸ್‌ನಲ್ಲಿ 12 ವೋಲ್ಟಿನ 21 ವ್ಯಾಟ್ ಬಲ್ಬ್ ಹಾಕಿ. ಎಲ್ಲೇ ಶಾರ್ಟ್ ಇದ್ದರೂ ಆ ಬಲ್ಬ್ ಜೋರಾಗಿ ಉರಿಯುತ್ತೆ, ಕರೆಂಟ್ 1.75 ಆಂಪಿಯರ್ ದಾಟಲ್ಲ. ಎಲ್ಲ ಸ್ವಿಚ್ ಆಫ್ ಇದ್ದೂ ಬಲ್ಬ್ ಉರಿದರೆ, ಎಲ್ಲೋ ತಪ್ಪಿದೆ ಅಂತ ಅರ್ಥ. ಹತ್ತು ಇಪ್ಪತ್ತು ರೂಪಾಯಿ ಬಲ್ಬು ತಿಂಗಳುಗಟ್ಟಲೆ ಮಾಡಿದ ಕೆಲಸ ಕಾಯುತ್ತೆ.

ಹಾಗಾದರೆ ಒರಿಜಿನಲ್ ಅಂದ್ರೇನು?

ಒಳಗೆ ಹೊಸ ವೈರ್ ಹಾಕಿದ ಮೇಲೆ ಅದು ಒರಿಜಿನಲ್ ಹೇಗಾಗುತ್ತೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವೂ ಇದರ ಬಗ್ಗೆ ಕ್ಯಾಂಟೀನಿನಲ್ಲಿ ಸಾಕಷ್ಟು ವಾದ ಮಾಡಿದ್ದೀವಿ. ಕೊನೆಗೆ ನಮಗೆ ಒಪ್ಪಿಗೆಯಾದ ಉತ್ತರ ಇದು.

ಹಾರ್ನೆಸ್‌ನಲ್ಲಿ ಎರಡು ಸಂಗತಿ ಇವೆ. ಒಂದು ವಸ್ತು: ಹತ್ತಿ, ರಬ್ಬರ್, ತಾಮ್ರ. ಇನ್ನೊಂದು ಮಾಹಿತಿ: ಯಾವ ಬಣ್ಣ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಎಲ್ಲಿ ಕವಲೊಡೆಯುತ್ತೆ. ವಸ್ತು ಒಂದಲ್ಲ ಒಂದು ದಿನ ಪುಡಿಯಾಗುತ್ತೆ, ಅದನ್ನ ತಡೆಯೋಕೆ ಆಗಲ್ಲ. ಮಾಹಿತಿ ಹಾಳಾಗೋದು ನಮ್ಮಿಂದ. ಅಂಗಡಿಯಲ್ಲಿ ಕೆಂಪು ವೈರಿನ ಒಂದು ದೊಡ್ಡ ಸುರುಳಿ ಅಗ್ಗಕ್ಕೆ ಸಿಕ್ಕಿತು ಅಂತ ಇಡೀ ಕಾರಿಗೆ ಕೆಂಪೇ ಎಳೆದರೆ ದೀಪ ಉರಿಯುತ್ತೆ, ಹಾರ್ನ್ ಕೂಗುತ್ತೆ. ಆದರೆ ಮುಂದೆ ರಾತ್ರಿ ಹೊತ್ತು ಎಲ್ಲೋ ನಿಂತುಹೋದ ಆ ಕಾರಿನ ಬಾನೆಟ್ ಎತ್ತುವ ಮೆಕ್ಯಾನಿಕ್‌ಗೆ ಅಲ್ಲಿ ಓದೋಕೆ ಏನೂ ಇರಲ್ಲ. ಅವನು ಊಹೆಯ ಮೇಲೆ ಇನ್ನೊಂದು ವೈರ್ ಎಳೀತಾನೆ. ಅದರ ಮುಂದಿನವನು ಇನ್ನೊಂದು. ಹಾಗೇ ಒಂದು ದಿನ ಬೆಂಕಿ.

ಆದ್ದರಿಂದ ನಾವು ಇಟ್ಟುಕೊಂಡ ನಿಯಮ: ಬಣ್ಣ, ದಾರಿ, ಕವಲು ಇವು ಮೂಲದಂತೆಯೇ ಇರಲಿ. ತಾಮ್ರ ಅಷ್ಟೇ ಇರಲಿ ಅಥವಾ ಒಂದು ಸೈಜ್ ಜಾಸ್ತಿ ಇರಲಿ, ಕಡಿಮೆ ಆಗೋದು ಬೇಡ. ಇನ್ಸುಲೇಷನ್ ಹೊಸದಾಗಲಿ. ಈ ಕಾರುಗಳಲ್ಲಿ ಎಷ್ಟೋ ಸಲ ಹೆಡ್‌ಲ್ಯಾಂಪ್‌ಗೆ ಫ್ಯೂಸೇ ಇರಲ್ಲ, ಅಲ್ಲಿ ಒಂದು ಫ್ಯೂಸ್ ಸೇರಿಸೋದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಸೇರಿಸಿದ್ದನ್ನ ಡಯಾಗ್ರಾಮ್‌ನಲ್ಲಿ ಬರೆದು ಕಾರಿನಲ್ಲೇ ಇಡಬೇಕು, ಬೇಡ ಅಂದವರು ಯಾವುದನ್ನೂ ಕತ್ತರಿಸದೆ ಅದನ್ನ ತೆಗೆಯುವ ಹಾಗಿರಬೇಕು. ಹಳೇ ಹಾರ್ನೆಸ್ಸನ್ನ ಎಸೀಬೇಡಿ. ಚೀಟಿಗಳ ಸಮೇತ ಡಬ್ಬದಲ್ಲಿಡಿ. ನಮ್ಮ ಕೆಲಸ ಸರಿಯೋ ತಪ್ಪೋ ಅಂತ ಮುಂದೆ ಯಾರಾದರೂ ನೋಡಬೇಕಾದರೆ ಸಾಕ್ಷಿ ಅದೊಂದೇ.

ಕೋಡ್ ಬರೆಯೋ ಗೆಳೆಯರಿಗೆ ಇದು ಬೇರೆ ಥರ ಹೇಳೋದೇ ಬೇಡ. ಕಾಮೆಂಟ್ ಇಲ್ಲದ, ಎಲ್ಲ ವೇರಿಯಬಲ್‌ಗೂ ಒಂದೇ ಥರದ ಹೆಸರಿರೋ ಸೀನಿಯರ್‌ಗಳ ಪ್ರಾಜೆಕ್ಟ್ ಕೋಡನ್ನ ಸಬ್‌ಮಿಷನ್ ಹಿಂದಿನ ರಾತ್ರಿ ತೆರೆದವರಿಗೆ, ಕೆಂಪು ವೈರಿನ ಕಾರು ಏನು ಅಂತ ಗೊತ್ತು.

ಮಾಡಿ ನೋಡಿ

ಕಾರು ಇಲ್ಲದವರಿಗೆ ಲ್ಯಾಬಿನಲ್ಲೇ ಒಂದು ಪ್ರಯೋಗ. 12 ವೋಲ್ಟ್ ಬ್ಯಾಟರಿ, ಬೈಕಿನ 35 ವ್ಯಾಟ್ ಬಲ್ಬ್, 0.22 ಓಮ್‌ನ 5 ವ್ಯಾಟ್ ರೆಸಿಸ್ಟರ್ ತಗೊಳ್ಳಿ. ರೆಸಿಸ್ಟರ್ ಅನ್ನ ತುಕ್ಕು ಹಿಡಿದ ಜಾಯಿಂಟ್ ಅಂದುಕೊಳ್ಳಿ. ಮೊದಲು ಅದರ ಮೇಲೆ ಕಂಟಿನ್ಯುಯಿಟಿ ನೋಡಿ, ಬೀಪ್ ಬರುತ್ತಾ? ಆಮೇಲೆ ಬಲ್ಬಿನ ಜೊತೆ ಸೀರೀಸ್‌ನಲ್ಲಿ ಹಾಕಿ, ಅದರ ಎರಡು ತುದಿಯ ವೋಲ್ಟೇಜ್ ಅಳೀರಿ. ಲೆಕ್ಕದ ಪ್ರಕಾರ ಸುಮಾರು 0.6 ವೋಲ್ಟ್ ಬರಬೇಕು. ಐದು ನಿಮಿಷ ಬಿಟ್ಟು ರೆಸಿಸ್ಟರ್ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಬಿಸಿ ಗೊತ್ತಾಗುತ್ತೆ.

ನಿಮ್ಮ ರೀಡಿಂಗ್‌ಗಳನ್ನ ಕನ್ನಡ ಸಂಘದ ಗ್ರೂಪಿನಲ್ಲಿ ಹಾಕಿ. ನಿಮ್ಮ ಊರಿನಲ್ಲಿ ಯಾರದಾದರೂ ಮನೆಯ ಶೆಡ್ಡಿನಲ್ಲಿ ಹಳೇ ಅಂಬಾಸಿಡರ್ ನಿಂತಿದ್ದರೆ, ಅವರನ್ನ ಕೇಳಿ, ಒಪ್ಪಿದರೆ ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಫೋಟೋ ಕಳಿಸಿ. ಯಾವ ಬಣ್ಣದ ವೈರ್ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರೂ ಸೇರಿ ಓದೋಣ.